ಸ್ನಾಯುಗಳು: ಅವುಗಳ ಬಗೆ ಮತ್ತು ರಚನೆ

ಕಲಾ ವಿಭಾಗದಲ್ಲಿ ಇತಿಹಾಸ ಓದುತ್ತಿರುವ ನಾನು ಶರೀರಶಾಸ್ತ್ರವನ್ನು ಕುರಿತು ಲೇಖನ ಬರೆಯುತ್ತಿರುವುದನ್ನು ಕಂಡು ಸಹಪಾಠಿಗಳು ನಕ್ಕರು. "ಹಿಸ್ಟರಿ ಓದವಂಗ ಎಲುಬು-ಮಾಂಸದ ಉಸಾಬರಿ ಯಾಕ ಬೇಕೋ?" ಎಂದು ಜೇವರ್ಗಿ ಕಡೆಯ ಗೆಳೆಯನೊಬ್ಬನು ಕೇಳಿದನು. ಅವನ ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ಉತ್ತರ ಹೇಳಿ ಆಮೇಲೆ ವಿಷಯಕ್ಕೆ ಬರುತ್ತೇನೆ.

ನಮ್ಮ ಊರು ಅಫಜಲಪುರ ತಾಲ್ಲೂಕಿನಲ್ಲಿ, ಭೀಮಾನದಿಯ ದಂಡೆಯ ಮೇಲಿದೆ. ಎರಡು ವರ್ಷಗಳ ಹಿಂದೆ ತೊಗರಿ ರಾಶಿಯ ಕಾಲದಲ್ಲಿ ನನ್ನ ತಂದೆಯವರು ಹಗಲೆಲ್ಲ ಚೀಲ ಹೊತ್ತು, ಸಂಜೆ ಮನೆಗೆ ಬಂದು ಕಟ್ಟೆಯ ಮೇಲೆ ಕುಳಿತರು. ಮೈಯೆಲ್ಲ ಬೆವರು. ಎಡಗೈ ಭಾರವಾಗಿದೆ ಎಂದರು. "ಏನ್ ಆಗಿಲ್ಲ, ಚೀಲ ಎತ್ತುವಾಗ ರಟ್ಟಿ ಹಿಡ್ಕೊಂಡದ. ಸ್ವಲ್ಪ ಎಣ್ಣಿ ತಿಕ್ಕು, ಹೋಗ್ತದ" ಎಂದು ನನಗೆ ಹೇಳಿದರು. ನಾನು ಎಣ್ಣೆ ತಿಕ್ಕಿದೆನು. ಅವ್ವ ಉಪ್ಪನ್ನು ಹುರಿದು ಬಟ್ಟೆಯಲ್ಲಿ ಕಟ್ಟಿ ಕಾವು ಕೊಟ್ಟಳು. ಬೆಳಗಾಗುವವರೆಗೆ ನೋವು ಹೋಗಲಿಲ್ಲ. ಆಸ್ಪತ್ರೆಗೆ ಕರೆದೊಯ್ದಾಗ ಎದೆಗೆ ತಂತಿಗಳನ್ನು ಹಚ್ಚಿ ನೋಡಿದ ವೈದ್ಯರು ನನ್ನನ್ನು ಪಕ್ಕಕ್ಕೆ ಕರೆದು, "ತಮ್ಮಾ, ಇದು ರಟ್ಟಿ ನೋವಲ್ಲ. ಹೃದಯದ ಸ್ನಾಯು ಸಾಯ್ಲಿಕತ್ತದ" ಎಂದರು.

ತಂದೆಯವರು ಉಳಿದರು. ಆದರೆ ಆ ಮಾತು ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿತು. ರಟ್ಟೆಯಲ್ಲಿರುವುದೂ ಸ್ನಾಯು, ಹೃದಯದಲ್ಲಿರುವುದೂ ಸ್ನಾಯು. ಒಂದು ನೊಂದರೆ ನಾಲ್ಕು ದಿನದಲ್ಲಿ ಸರಿಹೋಗುವುದು, ಇನ್ನೊಂದು ಸತ್ತರೆ ಮರಳಿ ಬಾರದು. ಹೀಗೇಕೆ? ಈ ಒಂದು ಪ್ರಶ್ನೆಯ ಬೆನ್ನು ಹತ್ತಿ ನಾನು ಓದಿ ತಿಳಿದುದನ್ನು ಇಲ್ಲಿ ಬರೆದಿದ್ದೇನೆ.

ಹೆಸರಿನ ವಿಚಾರ

ಮೊದಲು ಶಬ್ದವನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ಇಂದು ಕನ್ನಡದಲ್ಲಿ ಸ್ನಾಯು, ಮಾಂಸಖಂಡ ಎಂಬ ಎರಡು ಮಾತುಗಳನ್ನೂ ಒಂದೇ ಅರ್ಥದಲ್ಲಿ ಬಳಸುತ್ತೇವೆ. ಪ್ರಾಚೀನ ವೈದ್ಯಗ್ರಂಥಗಳಲ್ಲಿ ಹಾಗಿಲ್ಲ. ಸುಶ್ರುತ ಸಂಹಿತೆಯಲ್ಲಿ ಮಾಂಸದ ಕಟ್ಟುಗಳಿಗೆ ಪೇಶಿ ಎಂದು ಹೆಸರು, ಅವು ೫೦೦ ಎಂದು ಲೆಕ್ಕ. ಸ್ನಾಯುಗಳೆಂದರೆ ಸಂದುಗಳನ್ನು ಬಿಗಿದು ಹಿಡಿಯುವ ನಾರಿನಂತಹ ಕಟ್ಟುಗಳು, ಅವು ೯೦೦. ದೋಣಿಯ ಹಲಗೆಗಳನ್ನು ಒಟ್ಟಿಗೆ ಬಿಗಿದ ಕಟ್ಟುಗಳಿಗೆ ಸುಶ್ರುತನು ಅವುಗಳನ್ನು ಹೋಲಿಸಿದ್ದಾನೆ. ಅವನ 'ಪೇಶಿ'ಯೇ ನಮ್ಮ ಇಂದಿನ 'ಸ್ನಾಯು' ಎಂದು ತಿಳಿದುಕೊಂಡರೆ ಗೊಂದಲವಿರದು.

ಚರ್ಮದ ಕೆಳಗೆ ಉಬ್ಬಿ ಓಡಾಡುವ ಈ ವಸ್ತುವನ್ನು ಕಂಡು ಎಲ್ಲ ದೇಶದ ಜನರಿಗೂ ಯಾವುದೋ ಪ್ರಾಣಿಯ ನೆನಪಾಗಿರುವುದು ವಿನೋದದ ಸಂಗತಿ. ಇಂಗ್ಲಿಷಿನ 'ಮಸಲ್' ಎಂಬ ಶಬ್ದದ ಮೂಲ ಲ್ಯಾಟಿನ್ ಭಾಷೆಯ 'ಮಸ್ಕ್ಯುಲಸ್', ಅಂದರೆ ಪುಟ್ಟ ಇಲಿ. ಆಳಂದದಿಂದ ಗಡಿ ದಾಟಿದರೆ ಸಿಗುವ ಮರಾಠಿಯವರು ತೋಳಿನ ಉಬ್ಬನ್ನು 'ಬೇಟಕುಳಿ' ಎಂದು ಕರೆಯುತ್ತಾರೆ, ಅದು ಪುಟ್ಟ ಕಪ್ಪೆ. ನಮ್ಮ ಕನ್ನಡದಲ್ಲಿ ಮೊಣಕಾಲಿನ ಹಿಂಭಾಗದ ಕೆಳಗಿರುವುದು 'ಮೀನಖಂಡ'. ಇಲಿ, ಕಪ್ಪೆ, ಮೀನು ಮೂರೂ ಚಲಿಸತಕ್ಕ ಜೀವಿಗಳು. ಚಲನೆಯೇ ಸ್ನಾಯುವಿನ ಲಕ್ಷಣವೆಂಬುದನ್ನು ಜನಸಾಮಾನ್ಯರು ಶಾಸ್ತ್ರಜ್ಞರಿಗಿಂತ ಮೊದಲೇ ಗುರುತಿಸಿದ್ದರು.

ಸ್ನಾಯುವಿನ ಸಾಮಾನ್ಯ ಧರ್ಮ

ದೇಹವು ಜೀವಕೋಶಗಳಿಂದ ಕೂಡಿದೆ. ಒಂದೇ ಕೆಲಸಕ್ಕಾಗಿ ಸೇರಿದ ಜೀವಕೋಶಗಳ ಸಮೂಹಕ್ಕೆ ಅಂಗಾಂಶವೆಂದು ಹೆಸರು. ಸಂಕೋಚನವನ್ನೇ ವೃತ್ತಿಯಾಗಿ ಮಾಡಿಕೊಂಡ ಅಂಗಾಂಶವು ಸ್ನಾಯು. ಸ್ನಾಯುವಿಗೆ ಎಳೆಯಲು ಬರುವುದೇ ಹೊರತು ತಳ್ಳಲು ಬರುವುದಿಲ್ಲ. ಬಾವಿಯ ಹಗ್ಗದಿಂದ ಕೊಡವನ್ನು ಮೇಲಕ್ಕೆ ಎಳೆಯಬಹುದು, ಕೆಳಕ್ಕೆ ನೂಕಲಾದೀತೆ? ಆದಕಾರಣ ಕೈಕಾಲುಗಳಲ್ಲಿ ಸ್ನಾಯುಗಳು ಜೋಡಿಯಾಗಿ ಇರುತ್ತವೆ. ರಟ್ಟೆಯ ಮುಂದಿನ ಸ್ನಾಯು ಸಂಕುಚಿಸಿದರೆ ಮೊಣಕೈ ಮಡಿಚುವುದು, ಹಿಂದಿನದು ಸಂಕುಚಿಸಿದರೆ ಕೈ ನೆಟ್ಟಗಾಗುವುದು. ಒಂದು ಎಳೆಯುವಾಗ ಮತ್ತೊಂದು ಸಡಿಲಬೇಕು.

ಮನುಷ್ಯನ ದೇಹದಲ್ಲಿ ಮೂರು ಬಗೆಯ ಸ್ನಾಯು ಅಂಗಾಂಶಗಳಿವೆ:

೧. ಎಲುಬುಗಳಿಗೆ ಅಂಟಿಕೊಂಡಿರುವ ಅಸ್ಥಿಸ್ನಾಯು. ಪಟ್ಟೆಗಳುಳ್ಳದ್ದು, ಬಹುಮಟ್ಟಿಗೆ ನಮ್ಮ ಇಚ್ಛೆಗೆ ಒಳಪಟ್ಟದ್ದು.

೨. ಒಳಗಿನ ಅಂಗಗಳ ಗೋಡೆಗಳಲ್ಲಿರುವ ನುಣುಪು ಸ್ನಾಯು. ಪಟ್ಟೆಗಳಿಲ್ಲದ್ದು, ಇಚ್ಛೆಗೆ ಒಳಪಡದ್ದು.

೩. ಹೃದಯದ ಸ್ನಾಯು. ಪಟ್ಟೆಗಳುಂಟು, ಆದರೆ ಇಚ್ಛೆಗೆ ಒಳಪಟ್ಟುದಲ್ಲ.

ನಮ್ಮ ಕಾಲೇಜಿನಲ್ಲಿ ಸೂಕ್ಷ್ಮದರ್ಶಕವಿಲ್ಲ. ವಿಜ್ಞಾನ ಓದುತ್ತಿರುವ ಆಳಂದದ ಗೆಳೆಯನೊಬ್ಬನು ತನ್ನ ಪ್ರಯೋಗಶಾಲೆಗೆ ನನ್ನನ್ನು ಕರೆದೊಯ್ದು ಮೂರು ಗಾಜಿನ ಪಟ್ಟಿಗಳನ್ನು ಒಂದೊಂದಾಗಿ ತೋರಿಸಿದನು. ಬಣ್ಣ ಹಚ್ಚಿದ ಆ ತೆಳು ಪದರಗಳಲ್ಲಿ ಸ್ನಾಯು ಗುಲಾಬಿಯಾಗಿಯೂ ಕೋಶಕೇಂದ್ರಗಳು ನೇರಳೆಯ ಚುಕ್ಕೆಗಳಾಗಿಯೂ ಕಂಡವು. ನಾನು ಕಂಡ ಕ್ರಮದಲ್ಲಿಯೇ ಅವುಗಳನ್ನು ವರ್ಣಿಸುತ್ತೇನೆ.

ಅಸ್ಥಿಸ್ನಾಯು

ನಮ್ಮ ದೇಹದಲ್ಲಿ ಆರು ನೂರಕ್ಕೂ ಮಿಕ್ಕಿ ಅಸ್ಥಿಸ್ನಾಯುಗಳಿವೆ. ವಯಸ್ಕ ಪುರುಷನ ತೂಕದಲ್ಲಿ ನೂರಕ್ಕೆ ಸುಮಾರು ೪೦ ಪಾಲು ಇವುಗಳದ್ದೇ. ಇವುಗಳ ರಚನೆಯನ್ನು ತಿಳಿಯಲು ನಮ್ಮ ಹೊಲದ ಕಣಿಕಿ ಬಣವೆಗಿಂತ ಒಳ್ಳೆಯ ಉದಾಹರಣೆ ಬೇಡ. ಜೋಳದ ದಂಟುಗಳನ್ನು ಸೇರಿಸಿ ಪೆಂಡಿ ಕಟ್ಟುತ್ತೇವೆ, ಪೆಂಡಿಗಳನ್ನು ಒಟ್ಟಿ ಬಣವೆ ಮಾಡುತ್ತೇವೆ, ಬಣವೆಗೆ ಮೇಲೊಂದು ಹೊದಿಕೆ ಹಾಕುತ್ತೇವೆ. ಇಡೀ ಸ್ನಾಯು ಬಣವೆಯಾದರೆ ಅದರೊಳಗೆ ತಂತುಗಳ ಪೆಂಡಿಗಳಿವೆ. ಇಡೀ ಸ್ನಾಯುವಿಗೆ ಒಂದು ಹೊದಿಕೆ, ಪ್ರತಿಯೊಂದು ಪೆಂಡಿಗೆ ಒಂದು ಹೊದಿಕೆ, ಪ್ರತಿಯೊಂದು ತಂತುವಿಗೂ ತೆಳುವಾದ ಮತ್ತೊಂದು ಹೊದಿಕೆ. ಈ ಮೂರು ಹೊದಿಕೆಗಳೂ ತುದಿಯಲ್ಲಿ ಒಂದುಗೂಡಿ ಸ್ನಾಯುರಜ್ಜುವಾಗಿ ಎಲುಬನ್ನು ಕಚ್ಚಿ ಹಿಡಿಯುತ್ತವೆ. ಹಿಮ್ಮಡಿಯ ಮೇಲೆ ಕೈಯಿಟ್ಟರೆ ಹಗ್ಗದಂತೆ ಗಟ್ಟಿಯಾಗಿ ಸಿಗುವುದು ಅಂತಹ ಒಂದು ರಜ್ಜು. ಅದರ ಮುಖ್ಯ ವಸ್ತು ಕೊಲಾಜೆನ್ ಎಂಬ ಪ್ರೋಟೀನು. ಕೊಲಾಜೆನ್ನಿನಲ್ಲಿ ಮೂರು ಎಳೆಗಳು ಹುರಿಯಂತೆ ಒಂದಕ್ಕೊಂದು ಸುತ್ತಿಕೊಂಡಿರುವುದನ್ನು ೧೯೫೪-೫೫ರಲ್ಲಿ ಮದರಾಸಿನಲ್ಲಿ ಕಂಡುಹಿಡಿದವರು ಜಿ. ಎನ್. ರಾಮಚಂದ್ರನ್ ಮತ್ತು ಗೋಪೀನಾಥ ಕರ್ತಾ ಎಂಬ ನಮ್ಮ ದೇಶದವರೇ.

ಒಂದೊಂದು ದಂಟೂ ಒಂದು ಸ್ನಾಯುತಂತು, ಅಂದರೆ ಒಂದು ಜೀವಕೋಶ. ಬೇರೆ ಜೀವಕೋಶಗಳಿಗೆ ಸಾಮಾನ್ಯವಾಗಿ ಒಂದೇ ಕೇಂದ್ರವಿದ್ದರೆ ಇದಕ್ಕೆ ನೂರಾರು ಕೇಂದ್ರಗಳು, ಅವೆಲ್ಲವೂ ಅಂಚಿಗೆ ಸರಿದು ಕುಳಿತಿರುತ್ತವೆ. ಗರ್ಭದಲ್ಲಿ ಅನೇಕ ಕೋಶಗಳು ಒಂದಾಗಿ ಬೆರೆತು ಒಂದು ತಂತುವಾಗುವುದೇ ಇದಕ್ಕೆ ಕಾರಣ. ತಂತುವಿನ ದಪ್ಪ ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗದಿಂದ ಹತ್ತನೆಯ ಒಂದು ಭಾಗದವರೆಗೆ. ಉದ್ದವಾದರೋ ಎಷ್ಟೋ ಸೆಂಟಿಮೀಟರು ಇರಬಹುದು.

ಜೋಳದ ದಂಟನ್ನು ಸೀಳಿದರೆ ಬೆಂಡಿನೊಳಗೆ ನಾರೆಳೆಗಳು ಕಾಣುವುವಷ್ಟೆ? ಹಾಗೆಯೇ ತಂತುವಿನೊಳಗೆ ಉದ್ದಕ್ಕೂ ಕಿರುತಂತುಗಳಿವೆ. ಸೂಕ್ಷ್ಮದರ್ಶಕದಲ್ಲಿ ಅವುಗಳ ಮೇಲೆ ಕಪ್ಪು-ಬಿಳಿ ಪಟ್ಟೆಗಳು ಅಡ್ಡಡ್ಡಲಾಗಿ ಕಂಡವು. ದಟ್ಟವಾದ ಪಟ್ಟೆಯಲ್ಲಿ ಮಯೋಸಿನ್ ಎಂಬ ದಪ್ಪ ಎಳೆಗಳೂ, ತೆಳುವಾದ ಪಟ್ಟೆಯಲ್ಲಿ ಆಕ್ಟಿನ್ ಎಂಬ ಸಣ್ಣ ಎಳೆಗಳೂ ಇವೆ. ಎರಡು ಬಾಚಣಿಗೆಗಳ ಹಲ್ಲುಗಳನ್ನು ಎದುರುಬದುರಾಗಿ ಸೇರಿಸಿದಂತೆ ಇವು ಒಂದರೊಳಗೊಂದು ತೂರಿಕೊಂಡಿವೆ. ಇಂತಹ ಒಂದು ಅಂಕಣಕ್ಕೆ ಸಾರ್ಕೋಮಿಯರ್ ಎಂದು ಹೆಸರು. ಅದರ ಉದ್ದ ಒಂದು ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ಎರಡು ಅಥವಾ ಎರಡೂವರೆ ಭಾಗ ಮಾತ್ರ.

ಸ್ನಾಯು ಕುಗ್ಗುವಾಗ ಈ ಎಳೆಗಳು ಗಿಡ್ಡವಾಗುತ್ತವೆಂದು ಹಿಂದೆ ಭಾವಿಸಿದ್ದರು. ಅದು ಹಾಗಲ್ಲ, ಎಳೆಗಳು ಇದ್ದಷ್ಟೇ ಉದ್ದವಿದ್ದು ಒಂದರ ಮೇಲೊಂದು ಜಾರುತ್ತವೆ ಎಂದು ೧೯೫೪ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ತೋರಿಸಿದವು. ಒಂದರಲ್ಲಿ ಆಂಡ್ರೂ ಹಕ್ಸ್‌ಲಿ ಮತ್ತು ನೀಡರ್ಗರ್ಕ್, ಇನ್ನೊಂದರಲ್ಲಿ ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್. 'ನೇಚರ್' ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಇಬ್ಬರ ಲೇಖನಗಳೂ ಪ್ರಕಟವಾದವು.

ಜಾರುವುದು ಹೇಗೆ? ಕಲಬುರಗಿಯಲ್ಲಿ ಶರಣಬಸವೇಶ್ವರರ ತೇರನ್ನು ಎಳೆಯುವ ಜನರನ್ನು ನೆನೆಯಿರಿ. ಹಗ್ಗವನ್ನು ಹಿಡಿದು ಜಗ್ಗಿ, ಕೈಬಿಟ್ಟು, ಮುಂದಕ್ಕೆ ಹಿಡಿದು ಮತ್ತೆ ಜಗ್ಗುತ್ತಾರೆ. ಮಯೋಸಿನ್ ಎಳೆಯ ಮೇಲಿರುವ ಸಣ್ಣ ತಲೆಗಳು ಆಕ್ಟಿನ್ ಎಳೆಯನ್ನು ಹೀಗೆಯೇ ಹಿಡಿದು ಜಗ್ಗುತ್ತವೆ. ನರದಿಂದ ಅಪ್ಪಣೆ ಬಂದ ಕೂಡಲೇ ತಂತುವಿನ ಒಳಗಿನ ಚೀಲಗಳಿಂದ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಹೊರಬಂದು ಹಿಡಿಯುವ ಜಾಗವನ್ನು ತೆರೆದು ಕೊಡುವುದು. ಹಿಡಿದ ಕೈಯನ್ನು ಬಿಡಿಸಲು ಎಟಿಪಿ ಎಂಬ ಶಕ್ತಿವಸ್ತು ಬೇಕು. ಮರಣಾನಂತರ ಆ ವಸ್ತು ತಯಾರಾಗುವುದಿಲ್ಲ, ಹಿಡಿದ ಕೈಗಳು ಹಿಡಿದಂತೆಯೇ ಉಳಿಯುತ್ತವೆ. ಹೆಣವು ಕೆಲವು ಗಂಟೆಗಳಲ್ಲಿ ಸೆಟೆದುಕೊಳ್ಳುವುದರ ಮರ್ಮವಿದು. ಹಿಡಿಯುವುದಕ್ಕಿಂತ ಬಿಡುವುದಕ್ಕೆ ಜೀವ ಬೇಕು ಎಂಬುದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆನು.

ಅಸ್ಥಿಸ್ನಾಯುವಿನ ತಂತುಗಳಲ್ಲಿಯೂ ಭೇದವುಂಟು. ಕೆಂಪು ತಂತುಗಳು ನಿಧಾನವಾಗಿ, ದಣಿಯದೆ, ಬಹಳ ಹೊತ್ತು ದುಡಿಯುತ್ತವೆ. ಬಿಳಿಯ ತಂತುಗಳು ಥಟ್ಟನೆ ಬಲವಾಗಿ ದುಡಿದು ಬೇಗನೆ ಸೋಲುತ್ತವೆ. ಜವಾರಿ ಕೋಳಿಯ ಕಾಲಿನ ಮಾಂಸ ಕೆಂಪಗೂ ಎದೆಯ ಮಾಂಸ ಬೆಳ್ಳಗೂ ಇರುವುದು ಇದರಿಂದಲೇ. ದೇವಲಗಾಣಗಾಪುರಕ್ಕೆ ದತ್ತನ ದರ್ಶನಕ್ಕೆಂದು ಹಗಲುರಾತ್ರಿ ನಡೆದು ಬರುವ ಭಕ್ತನ ಕಾಲಿನಲ್ಲಿ ಹೆಚ್ಚಾಗಿ ಕೆಂಪು ತಂತುಗಳ ಕೆಲಸ. ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲನ್ನು ಒಂದೇ ಉಸಿರಿಗೆ ಎತ್ತಿ ಹೆಗಲ ಮೇಲಿಂದ ಹಿಂದಕ್ಕೆ ಒಗೆಯುವ ಜಟ್ಟಿಯ ಮೈಯಲ್ಲಿ ಬಿಳಿ ತಂತುಗಳ ಕೆಲಸ.

ಸಾಧನೆಯಿಂದ ಜಟ್ಟಿಯ ತೋಳು ದಪ್ಪವಾಗುವುದು ತಂತುಗಳ ಸಂಖ್ಯೆ ಹೆಚ್ಚುವುದರಿಂದ ಅಲ್ಲ, ಮುಖ್ಯವಾಗಿ ಇದ್ದ ತಂತುಗಳೇ ದಪ್ಪವಾಗುವುದರಿಂದ. ದುಡಿಸದಿದ್ದರೆ ಅವು ಸೊರಗುತ್ತವೆ, ಮುರಿದ ಕೈಗೆ ಹಾಕಿದ ಪಟ್ಟಿಯನ್ನು ಬಿಚ್ಚಿದಾಗ ಇದನ್ನು ಕಾಣಬಹುದು. ಇನ್ನೊಂದು ಮುಖ್ಯ ಸಂಗತಿ: ತಂತುವಿಗೂ ಅದರ ಹೊದಿಕೆಗೂ ನಡುವೆ ಕೆಲವು ಕಿರುಕೋಶಗಳು ಮಲಗಿರುತ್ತವೆ. ಇವುಗಳನ್ನು ೧೯೬೧ರಲ್ಲಿ ಅಲೆಕ್ಸಾಂಡರ್ ಮೌರೋ ಎಂಬ ವಿಜ್ಞಾನಿ ಗುರುತಿಸಿದನು. ತಂತುವಿಗೆ ಪೆಟ್ಟಾದರೆ ಈ ಕೋಶಗಳು ಎಚ್ಚೆತ್ತು ವೃದ್ಧಿಯಾಗಿ ಹರಿದ ಭಾಗವನ್ನು ಸರಿಪಡಿಸುತ್ತವೆ. ಚೀಲ ಹೊತ್ತು ಉಳುಕಿದ ರಟ್ಟೆ ಮತ್ತೆ ಚೀಲ ಹೊರುವಂತಾಗುವುದು ಇವುಗಳ ಉಪಕಾರದಿಂದ. ಬಿತ್ತನೆಗೆಂದು ಒಂದು ಪಾಲು ಬೀಜವನ್ನು ತೆಗೆದಿರಿಸುವ ರೈತನಂತೆ ಪ್ರಕೃತಿ ಇಲ್ಲಿ ಬೀಜವನ್ನು ಕಾದಿರಿಸಿದೆ. ವಾಚಕರು ಈ ಮಾತನ್ನು ನೆನಪಿನಲ್ಲಿಡಬೇಕು, ಮುಂದೆ ಇದರ ಅಗತ್ಯ ಬೀಳುವುದು.

ನುಣುಪು ಸ್ನಾಯು

ಎರಡನೆಯ ಗಾಜಿನಲ್ಲಿ ಪಟ್ಟೆಗಳಿರಲಿಲ್ಲ. ನಡುವೆ ದಪ್ಪ, ಎರಡೂ ತುದಿಗಳಲ್ಲಿ ಚೂಪಾಗಿ ಕದಿರಿನಂತಿರುವ ಸಣ್ಣ ಕೋಶಗಳು ಒತ್ತೊತ್ತಾಗಿ ಮಲಗಿದ್ದವು. ಪ್ರತಿಯೊಂದಕ್ಕೂ ನಡುವೆ ಒಂದೇ ಕೇಂದ್ರ. ಇಲ್ಲಿಯೂ ಆಕ್ಟಿನ್, ಮಯೋಸಿನ್‌ಗಳೇ ಇವೆ. ಆದರೆ ಅವು ಸಾಲಾಗಿ ಜೋಡಿಸಿಕೊಂಡಿಲ್ಲವಾದ್ದರಿಂದ ಪಟ್ಟೆಗಳು ಮೂಡುವುದಿಲ್ಲ.

ಹೊಟ್ಟೆ, ಕರುಳು, ಮೂತ್ರಕೋಶ, ಗರ್ಭಾಶಯ, ಶ್ವಾಸನಾಳ, ರಕ್ತನಾಳ ಇವುಗಳ ಗೋಡೆಗಳಲ್ಲಿ ಈ ಸ್ನಾಯು ಇದೆ. ಬಿಸಿಲಿಗೆ ಬಂದಾಗ ಕಣ್ಣಿನ ಪಾಪೆಯನ್ನು ಕಿರಿದು ಮಾಡುವುದೂ, ಚಳಿಯಲ್ಲಿ ಮೈಮೇಲಿನ ರೋಮಗಳನ್ನು ನಿಮಿರಿಸುವುದೂ ಇದೇ. ಇದರ ಸಂಕೋಚನ ನಿಧಾನ, ಆದರೆ ಸ್ವಲ್ಪವೇ ಶಕ್ತಿಯನ್ನು ವೆಚ್ಚಮಾಡಿ ಬಹಳ ಹೊತ್ತು ಬಿಗಿಹಿಡಿಯಬಲ್ಲದು.

ಇಚ್ಛೆಗೆ ಒಳಪಟ್ಟ ಸ್ನಾಯುವಿಗೂ ಒಳಪಡದ ಸ್ನಾಯುವಿಗೂ ನಡುವಿನ ಗಡಿಯನ್ನು ನಾವು ದಿನವೂ ಊಟದಲ್ಲಿ ದಾಟುತ್ತೇವೆ. ಜೋಳದ ರೊಟ್ಟಿಯ ತುತ್ತನ್ನು ಎಷ್ಟು ಹೊತ್ತು ಬೇಕಾದರೂ ಬಾಯಲ್ಲಿ ಅಗಿಯಬಹುದು, ಬೇಡವೆಂದರೆ ಉಗುಳಬಹುದು. ನುಂಗಿದ ಮೇಲೆ ಅದು ನಮ್ಮ ಕೈಮೀರಿತು. ಅನ್ನನಾಳದ ಮೇಲ್ಭಾಗದಲ್ಲಿ ಪಟ್ಟೆಗಳುಳ್ಳ ಸ್ನಾಯು, ನಡುವೆ ಎರಡರ ಮಿಶ್ರಣ, ಕೆಳಭಾಗದಲ್ಲಿ ನುಣುಪು ಸ್ನಾಯು. ತುತ್ತು ಕೈಯಿಂದ ಕೈಗೆ ಸಾಗುವಂತೆ ಹಸ್ತಾಂತರವಾಗುತ್ತ ಹೊಟ್ಟೆಗೆ ಇಳಿಯುವುದು. ಅಲ್ಲಿಂದ ಮುಂದೆ ಕರುಳಿನಲ್ಲಿ ಒಳಗಿನ ಪದರವು ಬಳೆಯಂತೆ ಸುತ್ತಲೂ ಹಬ್ಬಿದ್ದು ಹಿಸುಕುವುದು, ಹೊರಗಿನ ಪದರವು ಉದ್ದಕ್ಕೆ ಹಬ್ಬಿದ್ದು ಕುಗ್ಗಿಸುವುದು, ಅನ್ನ ಮುಂದೆ ಸಾಗುವುದು.

ನುಣುಪು ಸ್ನಾಯುವಿನ ಸಾಮರ್ಥ್ಯವನ್ನು ನೋಡಬೇಕಾದರೆ ಗರ್ಭಾಶಯವನ್ನು ನೋಡಬೇಕು. ಸುಮಾರು ೬೦-೭೦ ಗ್ರಾಂ ತೂಗುವ ಆ ಅಂಗವು ದಿನ ತುಂಬುವ ಹೊತ್ತಿಗೆ ಸುಮಾರು ಒಂದು ಕಿಲೋ ತೂಗುವುದು. ಕೋಶಗಳು ಹಿಗ್ಗಿ ಉದ್ದವಾಗುತ್ತವೆ, ಹೊಸ ಕೋಶಗಳೂ ಹುಟ್ಟುತ್ತವೆ. ಜಟ್ಟಿಯು ವರ್ಷಗಟ್ಟಲೆ ಗರಡಿಮನೆಯಲ್ಲಿ ಸಾಧಿಸಲಾಗದ ಬೆಳವಣಿಗೆಯನ್ನು ತಾಯಿಯ ದೇಹವು ಒಂಬತ್ತು ತಿಂಗಳಲ್ಲಿ ಸಾಧಿಸುವುದು. ಅದಕ್ಕೆ ಯಾವ ಜಾತ್ರೆಯಲ್ಲೂ ಬೆಳ್ಳಿಯ ಕಡಗ ತೊಡಿಸುವುದಿಲ್ಲ.

ಈ ಸ್ನಾಯು ಅತಿಯಾಗಿ ಬಿಗಿದರೆ ತೊಂದರೆಯೂ ಉಂಟು. ತೊಗರಿ ರಾಶಿಯ ಧೂಳಿನಲ್ಲಿ ದಮ್ಮು ಇರುವವರು ಉಸಿರಿಗಾಗಿ ಒದ್ದಾಡುವುದನ್ನು ನಾವೆಲ್ಲ ಕಂಡಿದ್ದೇವೆ. ಶ್ವಾಸನಾಳಗಳ ಸುತ್ತಲಿನ ನುಣುಪು ಸ್ನಾಯು ಬಿಗಿಯುವುದು ಅದರ ಮುಖ್ಯ ಕಾರಣಗಳಲ್ಲಿ ಒಂದು.

ಹೃದಯದ ಸ್ನಾಯು

ಮೂರನೆಯ ಗಾಜನ್ನು ನೋಡುವಾಗ ನನ್ನ ಕೈ ಸ್ವಲ್ಪ ನಡುಗಿತೆಂದು ಹೇಳಿದರೆ ಅತಿಶಯವಲ್ಲ. ಇಲ್ಲಿಯೂ ಪಟ್ಟೆಗಳಿದ್ದವು. ಆದರೆ ತಂತುಗಳು ಉದ್ದನೆಯ ದಂಟುಗಳಾಗಿರದೆ, ಚಿಕ್ಕ ಚಿಕ್ಕ ಕೋಶಗಳು ಕವಲೊಡೆದು ಒಂದಕ್ಕೊಂದು ಕೂಡಿಕೊಂಡು ಬಲೆಯಂತೆ ಹೆಣೆದುಕೊಂಡಿದ್ದವು. ಪ್ರತಿಯೊಂದು ಕೋಶದ ನಡುವೆ ಒಂದು, ಕೆಲವೆಡೆ ಎರಡು ಕೇಂದ್ರಗಳು. ಕೋಶಕ್ಕೆ ಕೋಶ ಕೂಡುವ ಜಾಗದಲ್ಲಿ ಮೆಟ್ಟಿಲಿನಂತಹ ದಟ್ಟವಾದ ಗೆರೆಗಳು. ಈ ಗೆರೆಗಳೇ ಹೃದಯದ ಸ್ನಾಯುವಿನ ವಿಶೇಷ ಗುರುತು. ಅಲ್ಲಿ ಕೋಶಗಳು ಬಲವಾಗಿ ಬೆಸೆದುಕೊಂಡಿರುವುದಲ್ಲದೆ, ಅತಿ ಸೂಕ್ಷ್ಮವಾದ ರಂಧ್ರಗಳ ಮೂಲಕ ವಿದ್ಯುತ್ತಿನ ಸಂದೇಶವು ಒಂದರಿಂದ ಇನ್ನೊಂದಕ್ಕೆ ನೇರವಾಗಿ ಹಾಯುವುದು. ಆದಕಾರಣ ಕೋಟ್ಯಂತರ ಕೋಶಗಳು ಒಂದೇ ಜೀವದಂತೆ ಒಟ್ಟಿಗೆ ಮಿಡಿಯುತ್ತವೆ.

ಹೃದಯಕ್ಕೆ ಮಿಡಿಯೆಂದು ಮಿದುಳು ಆಜ್ಞಾಪಿಸಬೇಕಾಗಿಲ್ಲ. ಬಲಭಾಗದ ಮೇಲಿನ ಕೋಣೆಯ ಗೋಡೆಯಲ್ಲಿ ಒಂದು ಸಣ್ಣ ಗಂಟು ಇದೆ. ಅದನ್ನು ೧೯೦೭ರಲ್ಲಿ ಕೀತ್ ಮತ್ತು ಫ್ಲ್ಯಾಕ್ ಎಂಬವರು ಕಂಡುಹಿಡಿದರು. ತಾಳ ಹಾಕುವುದು ಆ ಗಂಟು. ನರಗಳು ತಾಳವನ್ನು ಚುರುಕು ಅಥವಾ ನಿಧಾನ ಮಾಡಬಲ್ಲವು, ಅಷ್ಟೆ. ನಿಮಿಷಕ್ಕೆ ೭೨ರಂತೆ ದಿನಕ್ಕೆ ಒಂದು ಲಕ್ಷಕ್ಕೂ ಮಿಕ್ಕಿ ಮಿಡಿತಗಳಾದವು. ಅರವತ್ತು ವರ್ಷದ ಮನುಷ್ಯನ ಹೃದಯ ಸುಮಾರು ೨೨೭ ಕೋಟಿ ಸಲ ಮಿಡಿದಿರುತ್ತದೆ.

ಹೃದಯಕ್ಕೆ ವಿಶ್ರಾಂತಿಯೇ ಇಲ್ಲವೆನ್ನುವುದು ವಾಡಿಕೆ. ಅದು ಪೂರ್ತಿ ನಿಜವಲ್ಲ. ಒಂದು ಮಿಡಿತಕ್ಕೆ ತಗಲುವ ಸುಮಾರು ೦.೮ ಸೆಕೆಂಡಿನಲ್ಲಿ ಕೆಳಗಿನ ಕೋಣೆಗಳು ಕುಗ್ಗುವುದು ೦.೩ ಸೆಕೆಂಡು, ಉಳಿದ ೦.೫ ಸೆಕೆಂಡು ಸಡಿಲವಾಗಿರುತ್ತವೆ. ಆ ಬಿಡುವಿನಲ್ಲಿಯೇ ಹೃದಯದ ಎಡಭಾಗದ ಗೋಡೆಗೆ ಹೆಚ್ಚಿನ ರಕ್ತ ಹರಿಯುವುದು. ಹೃದಯದೊಳಗೆ ಸದಾ ರಕ್ತ ತುಂಬಿದ್ದರೂ ಅದರ ದಪ್ಪನೆಯ ಗೋಡೆ ಆ ರಕ್ತವನ್ನು ಕುಡಿಯಲಾರದು. ಅದಕ್ಕಾಗಿ ಮೇಲ್ಮೈಯಲ್ಲಿ ಎರಡು ಮುಖ್ಯ ರಕ್ತನಾಳಗಳು ಬೇರೆಯಾಗಿಯೇ ಇವೆ. ನದಿಯ ದಂಡೆಯಲ್ಲಿದ್ದರೂ ಹೊಲಕ್ಕೆ ನೀರು ಕಾಲುವೆಯಿಂದಲೇ ಬರಬೇಕಲ್ಲವೆ?

ಆ ಕಾಲುವೆಯಲ್ಲಿ ಕೊಬ್ಬು ಕಟ್ಟಿ, ಮೇಲೆ ರಕ್ತ ಹೆಪ್ಪುಗಟ್ಟಿ, ಹರಿವು ನಿಂತರೆ ಅದೇ ಹೃದಯಾಘಾತ. ನೀರಿಲ್ಲದ ಭಾಗದ ಕೋಶಗಳು ಸುಮಾರು ಅರ್ಧ ಗಂಟೆಯಲ್ಲಿಯೇ ಸಾಯತೊಡಗುತ್ತವೆ, ಆರು ಗಂಟೆ ಕಳೆಯುವಷ್ಟರಲ್ಲಿ ಆ ಭಾಗದ ಬಹುಪಾಲು ಸತ್ತಿರುತ್ತದೆ.

ಈಗ ನನ್ನ ಮೊದಲಿನ ಪ್ರಶ್ನೆಗೆ ಬರುತ್ತೇನೆ. ಅಸ್ಥಿಸ್ನಾಯುವಿನಲ್ಲಿ ಕಾದಿರಿಸಿದ ಬೀಜವಿದೆಯೆಂದು ಹೇಳಿದೆನಷ್ಟೆ? ಹೃದಯದ ಸ್ನಾಯುವಿನಲ್ಲಿ ಅಂತಹ ಬೀಜವಿಲ್ಲ. ಅಲ್ಲಿಯ ಕೋಶಗಳು ಹೊಸದಾಗಿ ಹುಟ್ಟುವುದು ಅತಿ ವಿರಳ. ಸ್ವೀಡನ್ ದೇಶದ ವಿಜ್ಞಾನಿಗಳು, ಹಿಂದಿನ ಅಣುಬಾಂಬು ಪ್ರಯೋಗಗಳಿಂದ ಗಾಳಿಗೆ ಸೇರಿ ಮನುಷ್ಯರ ದೇಹಗಳಲ್ಲಿಯೂ ಉಳಿದಿರುವ ವಿಕಿರಣಶೀಲ ಇಂಗಾಲವನ್ನು ಅಳೆದು ಹೃದಯಕೋಶಗಳ ವಯಸ್ಸನ್ನು ಲೆಕ್ಕಹಾಕಿ ೨೦೦೯ರಲ್ಲಿ ಪ್ರಕಟಿಸಿದರು. ಇಪ್ಪತ್ತೈದರ ವಯಸ್ಸಿನಲ್ಲಿ ವರ್ಷಕ್ಕೆ ನೂರಕ್ಕೆ ಒಂದು, ಎಪ್ಪತ್ತೈದರಲ್ಲಿ ನೂರಕ್ಕೆ ಅರ್ಧಕ್ಕಿಂತಲೂ ಕಡಿಮೆ ಕೋಶಗಳು ಹೊಸದಾಗುತ್ತವೆ. ಈ ವೇಗವು ಆಘಾತದ ನಷ್ಟವನ್ನು ತುಂಬಲು ಏನೇನೂ ಸಾಲದು. ಸತ್ತ ಜಾಗದಲ್ಲಿ ಗಾಯದ ಕಲೆಯಂತಹ ನಾರು ತುಂಬಿಕೊಳ್ಳುವುದು. ಅದು ಗೋಡೆಯನ್ನು ಹಿಡಿದು ನಿಲ್ಲಿಸೀತು, ಆದರೆ ಮಿಡಿಯಲಾರದು.

ಎದೆಯ ನೋವು ತೋಳಿಗೆ ಬರುವುದೇಕೆ?

ಹೃದಯದಲ್ಲಿ ಕೇಡಾದರೆ ನೋವು ತೋಳಿನಲ್ಲಿ ಕಾಣುವುದೇಕೆ ಎಂಬುದೊಂದು ಉಳಿಯಿತು. ನಮ್ಮನ್ನು ಆ ರಾತ್ರಿ ಮೋಸಗೊಳಿಸಿದುದು ಅದೇ. ಹೃದಯದಿಂದ ನೋವಿನ ಸುದ್ದಿ ತರುವ ನರಗಳೂ, ಎಡಗೈಯ ಒಳಬದಿಯಿಂದ ಸುದ್ದಿ ತರುವ ನರಗಳೂ ಬೆನ್ನುಹುರಿಯನ್ನು ಪ್ರವೇಶಿಸುವುದು ಹೆಚ್ಚುಕಡಮೆ ಒಂದೇ ಮಟ್ಟದಲ್ಲಿ. ಎರಡು ಊರುಗಳ ಕಾಗದಗಳು ಒಂದೇ ಅಂಚೆ ಚೀಲದಲ್ಲಿ ಬಂದಂತೆ. ತೋಳಿನಿಂದ ಮಿದುಳಿಗೆ ದಿನವೂ ಕಾಗದಗಳು ಬರುತ್ತವೆ, ಹೃದಯದಿಂದ ಬರುವುದು ಅಪರೂಪ. ಆದ್ದರಿಂದ ಹೃದಯದ ಕಾಗದವನ್ನೂ ಮಿದುಳು ತೋಳಿನದೆಂದೇ ಓದಿಕೊಳ್ಳುವುದು. ಇದೇ ರೀತಿ ನೋವು ದವಡೆಗೆ, ಬೆನ್ನಿಗೆ, ಹೊಟ್ಟೆಯ ಮೇಲ್ಭಾಗಕ್ಕೆ ಬರಬಹುದು. ಹೆಂಗಸರಲ್ಲಿಯೂ ಸಕ್ಕರೆ ಕಾಯಿಲೆಯವರಲ್ಲಿಯೂ ನೋವೇ ಇಲ್ಲದೆ ಬರಿಯ ಆಯಾಸ, ಏದುಸಿರು, ಬೆವರು ಮಾತ್ರ ಕಾಣಿಸಿಕೊಳ್ಳುವುದುಂಟು.

ಉಳುಕಿದ ಸ್ನಾಯುವಿನ ನೋವು ಸಾಮಾನ್ಯವಾಗಿ ಕೈಯಾಡಿಸಿದರೆ, ಒತ್ತಿದರೆ ಹೆಚ್ಚುವುದು. ಹೃದಯದ ನೋವು ಹಾಗಲ್ಲ, ಎದೆಯ ಮೇಲೆ ಚೀಲವಿಟ್ಟಂತೆ ಭಾರವಾಗಿ ಕೂರುವುದು, ತಣ್ಣನೆಯ ಬೆವರು ಬರುವುದು. ಆದರೆ ಈ ವ್ಯತ್ಯಾಸವನ್ನು ನಂಬಿ ಮನೆಯಲ್ಲಿಯೇ ತೀರ್ಮಾನ ಮಾಡಿಕೊಂಡು ಕೂರಬಾರದು. ಬಲವಾದ ಮೈಕಟ್ಟು ಇದ್ದವರಿಗೆ ಇದು ಬಾರದೆಂಬ ನಂಬಿಕೆಯೂ ಸಲ್ಲದು. ವ್ಯಾಯಾಮದಲ್ಲಿ ಹೆಸರಾಗಿದ್ದ ಚಿತ್ರನಟ ಪುನೀತ್ ರಾಜ್‌ಕುಮಾರರು ೨೦೨೧ರ ಅಕ್ಟೋಬರ್ ೨೯ರಂದು ೪೬ನೆಯ ವಯಸ್ಸಿನಲ್ಲಿಯೇ ಹೃದಯಾಘಾತದಿಂದ ತೀರಿಕೊಂಡುದನ್ನು ನಾಡು ಮರೆತಿಲ್ಲ. ಅವರ ಹೆಸರಿನಲ್ಲಿಯೇ ರಾಜ್ಯ ಸರ್ಕಾರವು ೨೦೨೩ರಲ್ಲಿ ಹೃದಯಜ್ಯೋತಿ ಯೋಜನೆಯನ್ನು ಆರಂಭಿಸಿತು. ತಾಲ್ಲೂಕು ಮಟ್ಟದ ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ದೂರದ ಹೃದ್ರೋಗ ತಜ್ಞರಿಗೆ ತೋರಿಸಿ, ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುವುದು ಅದರ ಉದ್ದೇಶ. ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಶಾಖೆಯೂ ಇದೆ.

ಆಳಂದದಿಂದಲೂ ಜೇವರ್ಗಿಯಿಂದಲೂ ಕಲಬುರಗಿ ಸುಮಾರು ೪೦ ಕಿಲೋಮೀಟರು, ಅಫಜಲಪುರದಿಂದ ಸುಮಾರು ೬೦. ಹಳ್ಳಿಗಳಿಂದ ಇನ್ನೂ ಹೆಚ್ಚು. ಆದರೆ ಕೈಗೆ ಎಣ್ಣೆ ತಿಕ್ಕುತ್ತ ಕಳೆದ ನಮ್ಮ ಆ ರಾತ್ರಿಯೇ ಈ ದಾರಿಗಿಂತ ದೊಡ್ಡದಾಗಿತ್ತು. ೧೦೮ಕ್ಕೆ ಕರೆ ಮಾಡಿದ್ದರೆ ಗಾಡಿ ಬರುತ್ತಿತ್ತು. ಆ ಅಂಕಿ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿರದಿದ್ದುದು ಸ್ನಾಯುಗಳು ಮೂರು ಬಗೆ ಎಂಬ ಈ ಪಾಠ.

ಆಸ್ಪತ್ರೆಯ ಪರದೆಯ ಮೇಲೆ ತಂದೆಯವರ ಹೃದಯ ಮಿಡಿಯುವುದನ್ನು ವೈದ್ಯರು ನನಗೆ ತೋರಿಸಿದರು. ಗೋಡೆಯೆಲ್ಲ ಒಳಕ್ಕೆ ಕುಗ್ಗುತ್ತಿರುವಾಗ ಒಂದು ಕಡೆ ಮಾತ್ರ ಅಲುಗದೆ ನಿಂತಿತ್ತು. 'ಮುಂಜಾನೆತನಕ ಕಾದದ್ದು ಇಲ್ಲದ' ಎಂದು ಅವರು ಆ ಜಾಗದ ಮೇಲೆ ಬೆರಳಿಟ್ಟರು. ಅವರು ನಮ್ಮನ್ನು ಬೈಯಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತೋ ಏನೋ.

ಈ ವರ್ಷದ ರಾಶಿಯಲ್ಲಿ ತಂದೆಯವರು ಬೇವಿನ ಗಿಡದ ನೆರಳಿನಲ್ಲಿ ಕುಳಿತು ಚೀಲಗಳ ಲೆಕ್ಕ ಬರೆದರು, ನಾನು ಚೀಲ ಹೊತ್ತೆನು. ಮರುದಿನ ನನ್ನ ರಟ್ಟೆ, ಬೆನ್ನು, ಮೀನಖಂಡ ಎಲ್ಲವೂ ನೊಂದವು. ಮೂರು ದಿನದಲ್ಲಿ ಸರಿಹೋದವು. ಸಹಪಾಠಿಗಳ ಪ್ರಶ್ನೆಗೆ ಇಷ್ಟೇ ನನ್ನ ಉತ್ತರ. ಇತಿಹಾಸ ಓದುವವನ ಮನೆಯಲ್ಲಿಯೂ ಚೀಲ ಹೊರುವ ತಂದೆಯಿರುತ್ತಾನೆ. ಅಂತಹ ಸಂಜೆ ನಿಮ್ಮ ಮನೆಗೆ ಬಂದರೆ ಎಣ್ಣೆಯ ಬಟ್ಟಲನ್ನು ಬದಿಗಿಟ್ಟು ಗಾಡಿಯನ್ನು ಕರೆಯಿರಿ. ಉಳುಕೇ ಆಗಿದ್ದರೆ ಎಣ್ಣೆ ತಿಕ್ಕಲು ನಾಳೆಯೂ ಹೊತ್ತಿರುತ್ತದೆ.